ಮಷಿನ್ ಗನ್ ಎದುರು ಮೈಸೂರಿನ ಕುದುರೆ

ಮಷಿನ್ ಗನ್ ಎದುರಿಗೆ ಈಟಿ ಹಿಡಿದು ಕುದುರೆ ಓಡಿಸೋದು ಅಂದ್ರೆ ಹುಚ್ಚು ಅಂತೀರಿ, ಅಲ್ವಾ? 1918ರ ಸೆಪ್ಟೆಂಬರ್ 23ರಂದು ಇದೇ ಕೆಲಸ ಮಾಡಿ ಒಂದು ಬಂದರು ಪಟ್ಟಣವನ್ನೇ ಗೆದ್ದವರಲ್ಲಿ ನಮ್ಮ ಮೈಸೂರಿನವರೂ ಇದ್ದರು.

ಊರು ಹೈಫಾ. ಈಗ ಇಸ್ರೇಲ್‌ನಲ್ಲಿದೆ, ಆಗ ತುರ್ಕರ ಕೈಯಲ್ಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟು ದಾರಿ. ಬೆಟ್ಟದ ಮೇಲಿಂದ ಫಿರಂಗಿ ಉಗುಳ್ತಾ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಸಂಸ್ಥಾನದ ಅಶ್ವದಳ, ಅಂದ್ರೆ ಮೈಸೂರು ಲ್ಯಾನ್ಸರ್ಸ್, ಕಡಿದಾದ ಬೆಟ್ಟ ಹತ್ತಿ ಆ ಫಿರಂಗಿಗಳ ಮೇಲೆ ಬಿತ್ತು. ಕೆಳಗಿಂದ ಜೋಧ್‌ಪುರ ಲ್ಯಾನ್ಸರ್ಸ್ ನುಗ್ಗಿತು. ನದಿ ದಂಡೆಯ ಉಸುಕಿನಲ್ಲಿ ಕುದುರೆಗಳು ಹೂತವು. ದಾರಿ ಬದಲಿಸಿದರು, ನಿಲ್ಲಲಿಲ್ಲ. ಮೇಜರ್ ದಲ್ಪತ್ ಸಿಂಗ್ ಗುಂಡಿಗೆ ಬಲಿಯಾದರು. ಸಂಜೆಯೊಳಗೆ ಊರು ಕೈವಶ!

ಸೆರೆ ಸಿಕ್ಕವರು 1,350 ಮಂದಿ. ಗೆದ್ದವರ ಕಡೆ ಸತ್ತ ಸೈನಿಕರು 8, ಕುದುರೆಗಳು 60. ಆ ಮೂಕ ಪ್ರಾಣಿಗಳ ಲೆಕ್ಕ ಯಾರೂ ಹೇಳೋದಿಲ್ಲ, ಅದಕ್ಕೇ ಹೇಳಿದೆ.

ದೆಹಲಿಯ ತೀನ್ ಮೂರ್ತಿ ನೋಡಿದ್ದೀರಲ್ಲ? ಆ ಮೂವರು ಜೋಧ್‌ಪುರ, ಹೈದರಾಬಾದ್, ಮೈಸೂರು ದಳದ ಸೈನಿಕರು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ತಮಾಷೆ ಅಂದ್ರೆ, ಹೈದರಾಬಾದಿನ ದಳ ಹೈಫಾ ದಾಳಿಯಲ್ಲಿ ಇರಲೇ ಇಲ್ಲ. ಅವತ್ತು ಸೆರೆಯಾಳುಗಳನ್ನು ಕಾಯೋ ಕೆಲಸದಲ್ಲಿತ್ತು. ಆದರೂ ಒಂದೇ ಬ್ರಿಗೇಡಿನವರು, ಜಾಗ ಅವರಿಗೂ ಸಲ್ಲಬೇಕಾದ್ದೇ.

ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ ನೋಡೋಕೆ ದೆಹಲಿಗೇ ಹೋಗಬೇಕಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ.