ಪುಕ್ಕಟೆ ಚಿತ್ರಕ್ಕೆ ಎಷ್ಟು ಬೆಲೆ?

ಎರಡು ಗಂಟೆಯ ಒಂದು ಚಲನಚಿತ್ರ. ಸಿಡ್ನಿಯ ಮನೆಯೊಂದರಲ್ಲಿ ರಾತ್ರಿ ಎಂಟೂವರೆಗೆ ಟಿ.ವಿ. ಹಾಕಿ ಕುಳಿತವರಿಗೆ ಅದು ಮುಗಿಯುವುದು ಎಷ್ಟು ಹೊತ್ತಿಗೆ? ಹತ್ತೂವರೆಗೆ ಎಂದರೆ ತಪ್ಪಾದೀತು. ಎಬಿಸಿ ವಾಹಿನಿಯಲ್ಲಾದರೆ 10.25ಕ್ಕೆ, ಎಸ್‌ಬಿಎಸ್‌ನಲ್ಲಾದರೆ ಸುಮಾರು 10.36ಕ್ಕೆ, ಸೆವೆನ್, ನೈನ್, ಟೆನ್ ಎಂಬ ಖಾಸಗಿ ವಾಹಿನಿಗಳಲ್ಲಿ ಹನ್ನೊಂದರ ಹತ್ತಿರಕ್ಕೆ. ಒಂದೇ ಚಿತ್ರಕ್ಕೆ ಮೂರು ಅಳತೆ ಹೇಗೆ? ಲೆಕ್ಕ ಮಾಡಿ ನೋಡೋಣ.

ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಓಡುತ್ತವೆ. ಆಸ್ಟ್ರೇಲಿಯದ ಟಿ.ವಿ. ನಮ್ಮ ದೂರದರ್ಶನದಂತೆಯೇ ‘ಪಾಲ್’ ಪದ್ಧತಿಯಲ್ಲಿ ಬೆಳೆದದ್ದು. ಅಲ್ಲಿ ಸೆಕೆಂಡಿಗೆ 25 ಫ್ರೇಮು. ಹೀಗಾಗಿ ಚಿತ್ರವನ್ನು ತುಸು ವೇಗವಾಗಿ ಓಡಿಸುವುದು ರೂಢಿ. 120 ನಿಮಿಷದ ಚಿತ್ರ 115 ನಿಮಿಷಕ್ಕೇ ಮುಗಿಯುತ್ತದೆ. ಸರಿಪಡಿಸದಿದ್ದರೆ ನಾಯಕನ ಧ್ವನಿಯೂ ಅರ್ಧ ಸ್ವರಕ್ಕಿಂತ ಕೊಂಚ ಕಡಿಮೆ ಏರುತ್ತದೆ. ಸಂಗೀತ ಬಲ್ಲ ಕಿವಿಗೆ ಅದು ಗೊತ್ತಾದೀತು. 2013ರಲ್ಲಿ ಹಳೆಯ ಅನಲಾಗ್ ಪ್ರಸಾರ ಪೂರ್ತಿ ನಿಂತು ಎಲ್ಲವೂ ಡಿಜಿಟಲ್ ಆದ ಮೇಲೂ ಈ 25ರ ಲೆಕ್ಕ ಉಳಿದುಕೊಂಡಿತು.

ಇನ್ನು ಜಾಹೀರಾತು. ಎಬಿಸಿ ನಡೆಯುವುದು ಸರ್ಕಾರದ ಹಣದಿಂದ, ಅಲ್ಲಿ ವಾಣಿಜ್ಯ ಜಾಹೀರಾತಿಲ್ಲ. ಎಸ್‌ಬಿಎಸ್‌ಗೆ ಕಾನೂನು ಗಂಟೆಗೆ 5 ನಿಮಿಷದ ಮಿತಿ ಹಾಕಿದೆ. ಖಾಸಗಿ ವಾಹಿನಿಗಳು ಸಂಜೆ ಆರರಿಂದ ನಡುರಾತ್ರಿಯವರೆಗೆ ಗಂಟೆಗೆ ಸರಾಸರಿ 13 ನಿಮಿಷ ಹಾಕಬಹುದು. ಅಂದರೆ ಗಂಟೆಯಲ್ಲಿ ಚಿತ್ರಕ್ಕೆ ಸಿಗುವುದು 47 ನಿಮಿಷ. 115ನ್ನು 47ರಿಂದ ಭಾಗಿಸಿ. ಸುಮಾರು ಎರಡೂವರೆ ಗಂಟೆ ಬಂತಲ್ಲವೇ? ನೋಡುವವರು ಕಾಸು ಕೊಡುವುದಿಲ್ಲ, ಹೊತ್ತು ಕೊಡುತ್ತಾರೆ.

ಆ ಹೊತ್ತಿನ ಹಣ ಹೋಗುವುದೆಲ್ಲಿಗೆ? ಅದರಲ್ಲಿ ಒಂದು ಪಾಲು ಪ್ರಸಾರ ಹಕ್ಕಿಗೆ. ವಾಹಿನಿ ಚಿತ್ರವನ್ನು ‘ಕೊಂಡಿತು’ ಎಂದು ಮಾತಿಗೆ ಹೇಳುತ್ತೇವೆ, ನಿಜವಾಗಿ ಅದು ಬಾಡಿಗೆ. ಯಾವ ದೇಶದಲ್ಲಿ, ಎಷ್ಟು ವರ್ಷದೊಳಗೆ, ಎಷ್ಟು ಸಲ ತೋರಿಸಬಹುದು ಎಂಬುದನ್ನೆಲ್ಲ ಒಪ್ಪಂದದಲ್ಲಿ ಬರೆದಿರುತ್ತದೆ. ಅದಕ್ಕೂ ಮೊದಲು ಸರದಿ ಬರಬೇಕು. ಮೊದಲು ಚಿತ್ರಮಂದಿರ, ಆಮೇಲೆ ವಿಡಿಯೋ ಕ್ಯಾಸೆಟ್ಟು ಅಥವಾ ಡಿವಿಡಿ, 1995ರಲ್ಲಿ ಆರಂಭವಾದ ಚಂದಾ ಟಿ.ವಿ. ಆನಂತರ, ಕೊನೆಗೆ ಪುಕ್ಕಟೆ ಟಿ.ವಿ. ಬಿಡುಗಡೆಯಾದ ಚಿತ್ರ ಹೀಗೆ ಮನೆಗೆ ಬರಲು ಎರಡು ವರ್ಷ ಹಿಡಿಯುವುದು ಸಾಮಾನ್ಯವಾಗಿತ್ತು. ಟಿಕೆಟ್ಟಿಗೂ ಚಂದಾಕ್ಕೂ ಹಣವಿಲ್ಲದ ಮನೆಯ ಮಕ್ಕಳು ಸರದಿಯ ಕೊನೆಯವರು.

ದೊಡ್ಡ ಹಾಲಿವುಡ್ ಸ್ಟುಡಿಯೋಗಳು ಚಿತ್ರಗಳನ್ನು ಬಿಡಿಯಾಗಿ ಕೊಡುವುದಕ್ಕಿಂತ ಕಟ್ಟು ಕಟ್ಟಿ ಕೊಡುವುದೇ ಹೆಚ್ಚು. ಒಂದು ಜನಪ್ರಿಯ ಚಿತ್ರ ಬೇಕಾದರೆ ಅದರ ಜೊತೆಗೆ ಯಾರೂ ಕೇಳದ ಹಲವನ್ನೂ ತೆಗೆದುಕೊಳ್ಳಬೇಕು. ನಡುರಾತ್ರಿಯ ನಂತರ ಹೆಸರೇ ಕೇಳಿರದ ಚಿತ್ರಗಳು ಬರುವುದಕ್ಕೆ ಇದೂ ಒಂದು ಕಾರಣ. ಇಂಥ ಒಪ್ಪಂದಗಳ ಭಾರ ಸಣ್ಣದಲ್ಲ. 2017ರ ಜೂನ್‌ನಲ್ಲಿ ಟೆನ್ ವಾಹಿನಿ, ಸಾಲಕ್ಕೆ ಜಾಮೀನು ಸಿಗದೆ, ಆಡಳಿತಾಧಿಕಾರಿಗಳ ಕೈಸೇರಿತು. ಅದು ಬಾಕಿ ಕೊಡಬೇಕಿದ್ದವರಲ್ಲಿ ಕಾರ್ಯಕ್ರಮ ಒದಗಿಸುತ್ತಿದ್ದ ಅಮೆರಿಕದ ಸಿಬಿಎಸ್ ಮತ್ತು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ದೊಡ್ಡವು. ಅದೇ ವರ್ಷ ಸಿಬಿಎಸ್ಸೇ ವಾಹಿನಿಯನ್ನು ಕೊಂಡುಕೊಂಡಿತು. ಅಂಗಡಿಯ ಬಾಕಿ ತೀರದಾಗ ಸಗಟು ವ್ಯಾಪಾರಿಯೇ ಅಂಗಡಿಗೆ ಬಂದು ಕುಳಿತಂತೆ!

ಹಕ್ಕು ಕೈಯಲ್ಲಿದ್ದರೂ ಇಷ್ಟ ಬಂದ ಗಂಟೆಗೆ ತೋರಿಸುವಂತಿಲ್ಲ. ಜಿ, ಪಿಜಿ, ಎಂ, ಎಂಎ15+, ಆರ್18+ ಎಂದು ಅಲ್ಲಿ ಚಿತ್ರಗಳ ವರ್ಗೀಕರಣವಿದೆ. ಖಾಸಗಿ ವಾಹಿನಿಗಳ ಸಂಹಿತೆಯಂತೆ, ಹದಿನೈದು ದಾಟಿದವರಿಗೆ ತಕ್ಕದ್ದೆಂಬ ‘ಎಂ’ ಚಿತ್ರಗಳು ಹಿಂದೆ ಸಂಜೆಯ ವೇಳೆ ಎಂಟೂವರೆಯ ಮೊದಲು ಬರುವಂತಿರಲಿಲ್ಲ. 2015ರ ಡಿಸೆಂಬರ್‌ನಿಂದ ಏಳೂವರೆಗೇ ಬರಬಹುದು. ಎಂಎ15+ ಚಿತ್ರಗಳ ಗಡಿ ಒಂಬತ್ತರಿಂದ ಎಂಟೂವರೆಗೆ ಇಳಿಯಿತು. ಆರ್18+ ಚಿತ್ರವಾದರೆ ಕತ್ತರಿ ಹಾಕದೆ ತೋರಿಸುವಂತೆಯೇ ಇಲ್ಲ. ಬೇಗ ತೋರಿಸಬೇಕೆಂದು ಒಳ್ಳೆಯ ಚಿತ್ರವನ್ನು ಕತ್ತರಿಸುವುದಕ್ಕಿಂತ ತಡವಾಗಿಯಾದರೂ ಇಡಿಯಾಗಿ ತೋರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಹುಡುಗಿ ಇದನ್ನು ಒಪ್ಪಲಾರಳು; ಅವಳಿಗೆ ಹನ್ನೊಂದು ಗಂಟೆಯ ಕ್ಲೈಮ್ಯಾಕ್ಸ್ ಎಂದರೆ ಕ್ಲೈಮ್ಯಾಕ್ಸ್ ಇಲ್ಲದ ಚಿತ್ರ.

ಈ ಗಡಿಬಿಡಿಯಿಂದ ಸ್ವಲ್ಪ ದೂರ ಉಳಿದದ್ದು ಎಸ್‌ಬಿಎಸ್. ವಲಸೆ ಬಂದವರ ನಾಡಿಗೆ ಹಲವು ಭಾಷೆಗಳ ವಾಹಿನಿ ಬೇಕೆಂದು 1980ರಲ್ಲಿ ಅದರ ಟಿ.ವಿ. ಆರಂಭವಾಯಿತು. ಪರಭಾಷಾ ಚಿತ್ರಗಳಿಗೆ ತಾನೇ ಇಂಗ್ಲಿಷ್ ಅಡಿಬರಹ ಸಿದ್ಧಪಡಿಸಿ, ಚಿತ್ರ ವಿಮರ್ಶಕ ಡೇವಿಡ್ ಸ್ಟ್ರಾಟನ್ ಅವರಿಂದ ಪರಿಚಯ ಮಾಡಿಸಿ ತೋರಿಸುತ್ತಿತ್ತು. 2019ರ ಜುಲೈನಲ್ಲಿ ಜಗತ್ತಿನ ಚಿತ್ರಗಳಿಗೆಂದೇ ‘ವರ್ಲ್ಡ್ ಮೂವೀಸ್’ ಎಂಬ ಪುಕ್ಕಟೆ ವಾಹಿನಿಯನ್ನೂ ತೆರೆಯಿತು.

ನಿದ್ದೆಗೆ ಜಾರಿದವರು ಮರುದಿನ ವಾಹಿನಿಯ ಅಂತರ್ಜಾಲ ತಾಣದಲ್ಲಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ನೋಡಬಹುದು, ಆದರೆ ಎಲ್ಲ ಚಿತ್ರಗಳನ್ನೂ ಅಲ್ಲ. ಗಾಳಿಯಲ್ಲಿ ಬಿತ್ತರಿಸುವ ಹಕ್ಕು ಬೇರೆ, ಅಂತರ್ಜಾಲದ ಹಕ್ಕು ಬೇರೆ. ಎರಡನೆಯದನ್ನು ವಾಹಿನಿ ಪಡೆದಿರದಿದ್ದರೆ, ನಿನ್ನೆ ರಾತ್ರಿ ಇಡೀ ದೇಶ ನೋಡಿದ ಚಿತ್ರ ಇಂದು ಬೆಳಿಗ್ಗೆ ಅದೇ ವಾಹಿನಿಯ ಪಟ್ಟಿಯಲ್ಲಿ ಇರುವುದಿಲ್ಲ.