ಸೌದೆಯ ಚೂರು, ಹೊಸಹಳ್ಳಿಯ ದೀಪ

ಸಾಮಿಲ್‌ನಲ್ಲಿ ದಿಮ್ಮಿ ಸೀಳಿದಾಗ, ಡಿಪೋದಲ್ಲಿ ಸೌದೆ ಒಡೆದಾಗ ನೆಲಕ್ಕೆ ಉದುರುವುದು ಮುಖ್ಯವಾಗಿ ಮೂರು: ಹೊಟ್ಟು, ಚಕ್ಕೆ, ತೊಗಟೆ. ಗುಬ್ಬಿ ಕಡೆಯ ತೋಟಗಳಲ್ಲಾದರೆ ಇವುಗಳ ಜೊತೆಗೆ ತೆಂಗಿನ ಮಟ್ಟೆ, ಚಿಪ್ಪು, ಒಣಗಿದ ಹೊಂಬಾಳೆಯೂ ಸೇರುತ್ತವೆ. ಎಲ್ಲವನ್ನೂ ಗುಡಿಸಿ ಒಂದೇ ರಾಶಿ ಹಾಕುವುದು ನಮ್ಮ ರೂಢಿ. ನಷ್ಟ ಆಗುವುದೇ ಅಲ್ಲಿ. ಚಕ್ಕೆಗೆ ಹೊಂದುವ ಬೆಂಕಿ ಹೊಟ್ಟಿಗೆ ಹೊಂದುವುದಿಲ್ಲ, ತೊಗಟೆಯ ಸ್ವಭಾವ ಈ ಎರಡಕ್ಕಿಂತಲೂ ಬೇರೆ.

ಈ ಚೂರುಪಾರುಗಳ ಬೆಲೆಯನ್ನು ವಿಜ್ಞಾನ ಲೆಕ್ಕ ಹಾಕಿದ ಒಂದು ಜಾಗ ಕುಣಿಗಲ್ ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಬಳಗ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲ ಹಳ್ಳಿಗಳ ಇಂಧನದ ಲೆಕ್ಕಕ್ಕೆ ಕೂತಿತು. ಆಗ ಗೊತ್ತಾಗಿದ್ದು, ಈ ಹಳ್ಳಿಗಳು ಬಳಸುತ್ತಿದ್ದ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಅದರಲ್ಲೂ ಹೆಚ್ಚಿನದು ದುಡ್ಡು ಕೊಟ್ಟು ಕೊಂಡದ್ದಲ್ಲ, ಮರ ಕಡಿದು ತಂದದ್ದೂ ಅಲ್ಲ. ಬಿದ್ದ ರೆಂಬೆ, ಪುಳ್ಳೆ, ಚಕ್ಕೆಗಳನ್ನು ಆಯ್ದು ತಂದದ್ದು. ಹೆಂಗಸರು, ಮಕ್ಕಳು ಗಂಟೆಗಟ್ಟಲೆ ನಡೆದು ಹೊತ್ತು ತಂದದ್ದು. ಹಳ್ಳಿಯವರ ಒಲೆಯಿಂದಲೇ ಕಾಡು ಹಾಳಾಯಿತು ಎಂದು ದೂರುತ್ತಿದ್ದವರಿಗೆ ಅದು ಒಳ್ಳೆಯ ಉತ್ತರವಾಗಿತ್ತು.

ಅದೇ ತಾಲ್ಲೂಕಿನ ಹೊಸಹಳ್ಳಿಗೆ 1988ರವರೆಗೂ ಕರೆಂಟು ಬಂದಿರಲಿಲ್ಲ. ಆ ವರ್ಷ ವಿಜ್ಞಾನ ಸಂಸ್ಥೆಯವರು ಅಲ್ಲಿ 3.7 ಕಿಲೋವಾಟ್‌ನ ಗ್ಯಾಸಿಫೈಯರ್, ಅಂದರೆ ಸೌದೆಯನ್ನು ಉರಿಯುವ ಅನಿಲವಾಗಿ ಮಾರ್ಪಡಿಸುವ ಯಂತ್ರ, ಇಟ್ಟರು. ಮುಂದೆ ಅದು 20 ಕಿಲೋವಾಟ್‌ಗೆ ಬೆಳೆಯಿತು. ಮನೆಗಳಿಗೆ ದೀಪ, ನಲ್ಲಿಗೆ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು, ಎಲ್ಲವೂ ಮುಖ್ಯವಾಗಿ ಸೌದೆ ತುಂಡಿನಿಂದ. ಹನುಮಂತನಗರ ಎಂಬ ಊರಿಗೂ ಆಮೇಲೆ ಇದೇ ವ್ಯವಸ್ಥೆ ಬಂತು.

ಯಂತ್ರ ನೋಡಲು ಎತ್ತರದ ಡ್ರಮ್ಮು, ಒಳಗೆಲ್ಲ ಶಾಖ ತಡೆಯುವ ಇಟ್ಟಿಗೆಯ ಗೋಡೆ, ಮೇಲೆ ಬಾಯಿ ತೆರೆದಿರುತ್ತದೆ. ಬೆರಳುದ್ದದ ಒಣ ತುಂಡುಗಳನ್ನು ಮೇಲಿನಿಂದ ಸುರಿಯುತ್ತಾರೆ. ಗಾಳಿಯ ಒಂದಷ್ಟು ಪಾಲು ಆ ಬಾಯಿಯಿಂದಲೇ ಬರುತ್ತದೆ, ಉಳಿದದ್ದು ನಡುವಿನ ಕೊಳವೆಗಳಿಂದ. ಮರ ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಮಾತ್ರ ಕೊಡುವುದಿಲ್ಲ. ಯಂತ್ರದ ಗುಟ್ಟೆಲ್ಲ ಅಲ್ಲೇ ಇದೆ. ತುಂಡು ಕೆಳಗಿಳಿಯುತ್ತ ಮೊದಲು ಪಸೆ ಕಳೆದುಕೊಳ್ಳುತ್ತದೆ, ಆಮೇಲೆ ಬೆಂದು ಹೊಗೆ ಬಿಟ್ಟು ಇದ್ದಿಲಾಗುತ್ತದೆ. ಹೊಗೆಯ ಒಂದು ಪಾಲು ಉರಿದು ಸಾವಿರ ಡಿಗ್ರಿ ದಾಟುವ ಶಾಖ ಕೊಡುತ್ತದೆ. ಹೊಗೆಯಲ್ಲಿದ್ದ ಡಾಂಬರಿನಂಥ ಜಿಡ್ಡು ಅಲ್ಲಿ ಒಡೆದು ಹೋಗುತ್ತದೆ. ಉಳಿದ ಇಂಗಾಲದ ಡೈ ಆಕ್ಸೈಡು, ನೀರಾವಿ ಎರಡೂ ಕೆಂಪಗೆ ಕಾದ ಇದ್ದಿಲ ಹಾಸಿನ ಮೂಲಕ ಹಾಯುವಾಗ ಕಾರ್ಬನ್ ಮಾನಾಕ್ಸೈಡು, ಜಲಜನಕವಾಗಿ ಮಾರ್ಪಡುತ್ತವೆ. ಉರಿಯುವ ಅನಿಲದಲ್ಲಿ ಇವೆರಡೇ ಮುಖ್ಯ, ಒಂದೊಂದೂ ಐದನೇ ಒಂದು ಪಾಲಿನ ಆಸುಪಾಸು. ಅರ್ಧದಷ್ಟು ಗಾಳಿಯಿಂದ ಬಂದ ಸಾರಜನಕ, ಸುಮ್ಮನೆ ಜೊತೆಗಿರುವಂಥದ್ದು. ತಣ್ಣಗಾಗಿಸಿ ಸೋಸಿದ ಈ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಊಡಿದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಡೀಸೆಲ್ ಉಳಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದು ಕಿಲೋ, ಸ್ವಲ್ಪ ಜಾಸ್ತಿಯೇ ಒಣ ಸೌದೆ ಬೇಕು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾಗ ನಮ್ಮಲ್ಲಿ ಇದ್ದಿಲು ಬಸ್ಸುಗಳು ಓಡಿದ್ದು ಇದೇ ರಸಾಯನಶಾಸ್ತ್ರದಿಂದ.

ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಇದರ ದೊಡ್ಡ ರೂಪ, 500 ಕಿಲೋವಾಟ್‌ನ ಸ್ಥಾವರ, ಬೆಸ್ಕಾಂ ಜಾಲಕ್ಕೇ ವಿದ್ಯುತ್ ಕೊಟ್ಟಿತು. ಆದರೂ ಇಂಥ ಯಂತ್ರದ ಅರ್ಧ ಜೀವ ಸೌದೆಯನ್ನು ಅಳತೆಗೆ ಕಡಿದು ಒಣಗಿಸುವವರ ಕೈಯಲ್ಲಿದೆ ಎಂದೇ ನನ್ನ ನಂಬಿಕೆ. ತೇವ ನೂರಕ್ಕೆ ಹದಿನೈದು ದಾಟಿದರೆ ಶಾಖ ಇಳಿದು ಜಿಡ್ಡು ಒಡೆಯುವುದಿಲ್ಲ, ಅದು ಎಂಜಿನ್ನಿನ ವಾಲ್ವಿಗೆ ಹೋಗಿ ಅಂಟುತ್ತದೆ.

ಹಾಗಾದರೆ ತೊಗಟೆ? ಹಳೆಯ ಹುಣಸೆಯ ತೊಗಟೆಯ ಒಂದು ಹಲ್ಲೆಯನ್ನು ಮುರಿದು ಬಿಸಿಲಿಗೆ ಹಿಡಿದು ನೋಡಿ. ಬಿರುಕುಗಳಲ್ಲಿ ಮಣ್ಣು, ಮರಳು ಕೂತಿರುತ್ತದೆ, ದಿಮ್ಮಿಯನ್ನು ಎಳೆದು ತಂದಾಗ ಮೆತ್ತಿಕೊಂಡದ್ದೂ ಇರುತ್ತದೆ. ಒಳಗೆ ಕಣ್ಣಿಗೆ ಕಾಣದ ಇನ್ನೊಂದು ಸರಕಿದೆ. ಅನೇಕ ಮರಗಳು ತಮಗೆ ಹೆಚ್ಚಾದ ಸುಣ್ಣದ ಅಂಶವನ್ನು ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಾಗಿ ತೊಗಟೆಯಲ್ಲಿ ಕೂಡಿಡುತ್ತವೆ. ಹಾಗಾಗಿ ತಿರುಳಿನ ಕಟ್ಟಿಗೆಗಿಂತ ಹಲವು ಪಟ್ಟು ಬೂದಿ ತೊಗಟೆಯಿಂದ ಬರುತ್ತದೆ. ಗ್ಯಾಸಿಫೈಯರಿನ ಕಡುಶಾಖದಲ್ಲಿ ಮರಳು, ಪೊಟ್ಯಾಷ್ ಕೂಡಿ ಕರಗಿ ಕಿಟ್ಟವಾಗಿ ಗಟ್ಟಿಯಾಗುತ್ತದೆ, ಕೆಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ. ಸುರುಳಿ ಸುತ್ತಿದ ಹಗುರ ತೊಗಟೆ ಡ್ರಮ್ಮಿನ ನಡುವೆ ಸಿಕ್ಕಿಕೊಂಡು ಮೇಲಿನ ಸೌದೆ ಇಳಿಯದಂತೆ ಮಾಡುವುದೂ ಉಂಟು. ಚಕ್ಕೆಯ ಜೊತೆ ಅಷ್ಟಿಷ್ಟು ಸೇರಿದರೆ ತೊಂದರೆಯಿಲ್ಲ, ಬರೀ ತೊಗಟೆ ಸುರಿದರೆ ಯಂತ್ರ ಕೆಡುತ್ತದೆ.

ಹಾಗೆಂದು ಅದನ್ನು ಬಿಸಾಡಬೇಕಿಲ್ಲ. ಕರಿಜಾಲಿ, ತಂಗಡಿಯ ತೊಗಟೆಯಲ್ಲಿ ಟ್ಯಾನಿನ್ ಹೇರಳ. ಚರ್ಮ ಹದ ಮಾಡುವವರು ಅದನ್ನು ತಲೆಮಾರುಗಳಿಂದ ಬಲ್ಲರು. ಉಳಿದ ತೊಗಟೆ ತೋಟದಲ್ಲಿ ಒಳ್ಳೆಯ ಮುಚ್ಚಿಗೆ. ಲಿಗ್ನಿನ್ ತುಂಬಿದ್ದರಿಂದ ಬೇಗ ಕೊಳೆಯದೆ ತೆಂಗಿನ ಪಾತಿಯ ತೇವವನ್ನು ಬೇಸಿಗೆ ಪೂರ್ತಿ ಹಿಡಿದಿಡುತ್ತದೆ. ಮಣ್ಣಿನ ಮೇಲೆ ಹರಡಬೇಕು, ಒಳಗೆ ಹೂಳಬಾರದು. ಹೂಳಿದರೆ ಕೊಳೆಸುವ ಜೀವಾಣುಗಳು ತಮ್ಮ ಹೊಟ್ಟೆಪಾಡಿಗೆ ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡ ಹಳದಿಗಟ್ಟುತ್ತದೆ. ಗೊಬ್ಬರವೇ ಬೇಕೆಂದರೆ ಸಗಣಿ, ಗಂಜಲ ಬೆರೆಸಿ ಗುಂಡಿಯಲ್ಲಿ ಹಲವು ತಿಂಗಳು ಕೊಳೆಯಲು ಬಿಡಬೇಕು.

ಇನ್ನು ಹೊಟ್ಟು. ಅದನ್ನು ಗ್ಯಾಸಿಫೈಯರಿಗೆ ಹಾಕಿದರೆ ಒತ್ತಿಕೊಂಡು ಗಾಳಿಯೇ ಹಾಯುವುದಿಲ್ಲ. ಅದಕ್ಕೆ ಹಳೆಯ ಹೊಟ್ಟಿನ ಒಲೆಯೇ ಸರಿ. ತಗಡಿನ ಡಬ್ಬದ ನಡುವೆ ಸೀಸೆ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಮೆಟ್ಟಿ, ಬುಡದ ತೂತಿನಿಂದ ಕೋಲು ತೂರಿಸಿ ದಾರಿ ಮಾಡಿ, ಸೀಸೆಯನ್ನು ತಿರುಗಿಸುತ್ತ ಮೇಲೆತ್ತುತ್ತಿದ್ದರು. ಉಳಿದ ಬಾವಿಯಂಥ ತೂತಿನ ಗೋಡೆ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಉರಿಯುತ್ತ ಹೋಗುವುದರಿಂದ, ಒಮ್ಮೆ ತುಂಬಿದರೆ ಗಂಟೆಗಟ್ಟಲೆ ಬೆಂಕಿ. ಕಾರ್ಖಾನೆಯಲ್ಲಾದರೆ ಇದೇ ಹೊಟ್ಟನ್ನು ಭಾರೀ ಒತ್ತಡದಲ್ಲಿ ಅಚ್ಚು ಹಾಕುತ್ತಾರೆ. ಉಜ್ಜಿದ ಬಿಸಿಗೆ ಮರದ ಲಿಗ್ನಿನ್ನೇ ಮೆತ್ತಗಾಗಿ ಅಂಟಾಗುತ್ತದೆ, ಬೇರೆ ಅಂಟು ಬೇಡ.

ಗ್ಯಾಸಿಫೈಯರ್ ಆಗಲಿ, ಹೊಟ್ಟಿನ ಒಲೆಯಾಗಲಿ, ಗಾಳಿಯಾಡುವ ಕಡೆಯೇ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆಯುತ್ತದೆ. ಉಳಿದ ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಇರುವುದರಿಂದ ಹುಳಿ ಮಣ್ಣಿನ ತೋಟಕ್ಕೆ ಹಿತ. ಆದರೆ ಪ್ಲೈವುಡ್ ತುಂಡು, ಬಣ್ಣ ಬಳಿದ ಬಾಗಿಲ ಚಕ್ಕೆಯನ್ನು ಈ ಯಾವ ಒಲೆಗೂ ಹಾಕಬೇಡಿ; ಅವುಗಳ ಅಂಟು, ಬಣ್ಣದ ವಿಷ ಹೊಗೆಯಲ್ಲೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ.