ತಣ್ಣಗಾದ ಕಾಲು, ಎರಡು ಆಯ್ಕೆ: ಹಳೇ ಬಲೂನ್ ಸಾಕಾ, ಹೊಸ ಮಷೀನ್ ಬೇಕಾ?

ಕಳೆದ ವರ್ಷ ಒಂದು ರಾತ್ರಿ ನನ್ನ ದೊಡ್ಡಪ್ಪನ ಬಲಗಾಲು ಇದ್ದಕ್ಕಿದ್ದಂತೆ ತಣ್ಣಗಾಯಿತು. ಮೊದಲು ತಡೆಯಲಾರದ ನೋವು, ಆಮೇಲೆ ಜೋಮು. ಪಾದ ಬಿಳಿಚಿಕೊಂಡಿತ್ತು. ಮನೆಯವರು ಎಣ್ಣೆ ಕಾಯಿಸಿ ತಿಕ್ಕಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಅಲ್ಲಿ ನಮ್ಮ ಮುಂದಿಟ್ಟಿದ್ದು ಎರಡು ಆಯ್ಕೆ: 'ಹಳೇ ಬಲೂನ್' ಅಥವಾ 'ಹೊಸ ಮಷೀನ್'. ಬಿಲ್‌ನಲ್ಲಿ ಅಜಗಜಾಂತರ. ಯಾವುದು ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಆಮೇಲೆ ನಾನೇ ಓದಿಕೊಂಡೆ.

ಹೃದಯದಲ್ಲಿ ಹುಟ್ಟಿದ ಹೆಪ್ಪು ತೇಲಿ ಬಂದು ಕಾಲಿನ ಅಪಧಮನಿಯಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲವೇ ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆಯಿಂದ ಮೊದಲೇ ಕಿರಿದಾದ ನಾಳದಲ್ಲೇ ರಕ್ತ ಗಟ್ಟಿಯಾಗಬಹುದು. (ಕಾಲು ಊದಿಕೊಂಡು ಬೆಚ್ಚಗಾಗುತ್ತಲ್ಲ, ಆ ಡಿವಿಟಿ ಬೇರೆ. ಅದು ಅಭಿಧಮನಿಯ ತೊಂದರೆ.) ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತೆ.

ಹಳೇ ಬಲೂನಿನ ಕತೆ ನನಗೆ ತುಂಬಾ ಇಷ್ಟವಾಯಿತು. ಅಮೆರಿಕದ ಸಿನ್ಸಿನಾಟಿಯಲ್ಲಿ ಥಾಮಸ್ ಫೋಗಾರ್ಟಿ ಎಂಬ ಹುಡುಗ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ. ಹೆಪ್ಪು ತೆಗೆಯಲು ಆಗ ಉದ್ದುದ್ದ ಕೊಯ್ಯುತ್ತಿದ್ದರು. ಕಾಲೋ ಜೀವವೋ ಹೋಗುವುದನ್ನು ಅವನು ಕಂಡಿದ್ದ. ಮುಂದೆ ವೈದ್ಯಕೀಯ ಓದುವಾಗ, ಶಸ್ತ್ರಚಿಕಿತ್ಸೆಯ ಕೈಗವಸಿನ ಬೆರಳ ತುದಿ ಕತ್ತರಿಸಿ ಮೂತ್ರದ ಕ್ಯಾಥೆಟರಿಗೆ ಕಟ್ಟಿದ. ಆ ಗಂಟು ಕಲಿತಿದ್ದು ಮೀನಿನ ಗಾಳ ಕಟ್ಟುತ್ತಾ! ಬಲೂನನ್ನು ಚಪ್ಪಟೆಯಾಗಿಯೇ ಹೆಪ್ಪಿನಾಚೆ ತಳ್ಳಿ, ಊದಿಸಿ, ಹಿಂದಕ್ಕೆ ಎಳೆದರೆ ಹೆಪ್ಪೂ ಜೊತೆಗೆ ಬರುತ್ತೆ. ತೊಡೆಸಂದಿಯಲ್ಲಿ ಚಿಕ್ಕ ಗಾಯ ಸಾಕು. 1963ರಲ್ಲಿ ಇದರ ವರದಿ ಪ್ರಕಟವಾಯಿತು. ತಯಾರಿಸಲು ಕಂಪನಿಗಳು ಮೊದಲು ಒಪ್ಪಿರಲಿಲ್ಲ. ದೋಷ ಇಲ್ಲ ಅಂತಲ್ಲ. ನಾಳದ ಒಳಪದರ ಕೆರೆದುಹೋಗಬಹುದು, ಮಂಡಿಯ ಕೆಳಗಿನ ಸಣ್ಣ ಕವಲುಗಳಲ್ಲಿ ಕಷ್ಟ.

ಹೊಸವು ಚರ್ಮಕ್ಕೆ ತೂತು ಮಾಡಿ, ಎಕ್ಸ್-ರೇಯಲ್ಲಿ ನೋಡುತ್ತಾ ಒಳಹೋಗುತ್ತವೆ. ಇಂಡಿಗೋ ಪಂಪಿನಿಂದ ಹೆಪ್ಪನ್ನು ಹೀರುತ್ತೆ. ತಾಜಾ ಹೆಪ್ಪಿಗೆ ಚೆನ್ನ, ಆದರೆ ಜೊತೆಗೆ ರಕ್ತವೂ ಹೋಗುತ್ತೆ. ಆಂಜಿಯೋಜೆಟ್ ಸಲೈನನ್ನು ರಭಸದಿಂದ ಚಿಮ್ಮಿಸಿ ಹೆಪ್ಪು ಒಡೆಯುತ್ತೆ. ಆ ರಭಸಕ್ಕೆ ಕೆಂಪು ರಕ್ತಕಣಗಳೂ ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಕಿಡ್ನಿ ಮೊದಲೇ ದುರ್ಬಲ ಇದ್ದವರಿಗೆ ಇದು ಸಣ್ಣ ಮಾತಲ್ಲ. ರೋಟಾರೆಕ್ಸ್ ತಿರುಗುತ್ತಾ ಕೊರೆಯುತ್ತೆ. ಸ್ವಲ್ಪ ಹಳೆಯ, ಗಟ್ಟಿ ಹೆಪ್ಪಿಗೂ ಆಗುತ್ತೆ, ನಾಳ ತೂತಾಗುವ ಭಯವೂ ಇದೆ. ಇವಲ್ಲದೆ ಕ್ಯಾಥೆಟರ್ ಮೂಲಕ ಹೆಪ್ಪು ಕರಗಿಸುವ ಔಷಧಿ. 1998ರ ಟೋಪಾಸ್ ಪ್ರಯೋಗದಲ್ಲಿ 544 ರೋಗಿಗಳಲ್ಲಿ ಔಷಧಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಿದರು. ಕಾಲು, ಜೀವ ಉಳಿಯುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಔಷಧಿ ಪಡೆದವರಲ್ಲಿ ಶೇ.12.5, ಶಸ್ತ್ರಚಿಕಿತ್ಸೆಯವರಲ್ಲಿ ಶೇ.5.5.

ಹಾಗಾದರೆ ಇಂಡಿಗೋ ಮೇಲಾ? ಸ್ಟ್ರೈಡ್ ಎಂಬ ಅಧ್ಯಯನದಲ್ಲಿ 119 ಜನರಿಗೆ ಬಳಸಿದರು, 30 ದಿನಕ್ಕೆ ಶೇ.98.2 ಕಾಲುಗಳು ಉಳಿದಿದ್ದವು. ಕಣ್ಣು ಕೋರೈಸುವ ಸಂಖ್ಯೆ. ಆದರೆ ಹೋಲಿಸಲು ಎದುರಿಗೆ ಇನ್ನೊಂದು ಗುಂಪೇ ಇರಲಿಲ್ಲ, ದುಡ್ಡು ಹಾಕಿದ್ದು ತಯಾರಕ ಕಂಪನಿಯೇ. ಈ ಸಂಖ್ಯೆಯಿಂದ 'ಬಲೂನಿಗಿಂತ ಮೇಲು' ಅಂತ ಹೇಳಲು ಬರಲ್ಲ. 'ಹೊಸದು' ಅನ್ನುವ ಪದಕ್ಕೇ ನಾವು ಅರ್ಧ ಸೋತಿರ್ತೀವಿ, ಅದೂ ಐಸಿಯು ಬಾಗಿಲಲ್ಲಿ ನಿಂತಾಗ.

ಇನ್ನು ಬೆಲೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಹೃದಯದ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು. ಬೀದಿಯಿಂದ ಕೋರ್ಟಿನವರೆಗೆ ಜನ ಕೇಳಿದ್ದಕ್ಕೆ ಅದು ಆಯಿತು. ಕಾಲಿನ ಹೆಪ್ಪು ತೆಗೆಯುವ ಕ್ಯಾಥೆಟರ್‌ಗಳಿಗೆ ಅಂಥ ಗರಿಷ್ಠ ಬೆಲೆ ಇಲ್ಲ. ಎಂಆರ್‌ಪಿಯನ್ನು ವರ್ಷಕ್ಕೆ ಶೇ.10ಕ್ಕಿಂತ ಹೆಚ್ಚಿಸಬಾರದು ಎಂಬ ನಿಯಮವಿದೆ ಅಷ್ಟೇ. ಮೊದಲ ದಿನದ ಬೆಲೆಯನ್ನೇ ಆಕಾಶದಲ್ಲಿಟ್ಟರೆ ಈ ನಿಯಮದಿಂದ ಏನು ಪ್ರಯೋಜನ?

ದೊಡ್ಡಪ್ಪನಿಗೆ ಆಗಿದ್ದು ಬಲೂನ್. ನಾವು ಆರಿಸಿದ್ದು ದುಡ್ಡಿಲ್ಲದೆ, ತಿಳಿವಳಿಕೆಯಿಂದಲ್ಲ. ಹೃದಯದಿಂದ ಬಂದ ತಾಜಾ ಹೆಪ್ಪು, ತೊಡೆಯ ದೊಡ್ಡ ನಾಳದಲ್ಲೇ ಇತ್ತು. ಬಲೂನಿಗೆ ಹೇಳಿ ಮಾಡಿಸಿದಂಥ ಜಾಗ ಅಂತ ಆಮೇಲೆ ಗೊತ್ತಾಯಿತು. ಎರಡು ಬೆರಳು ಹೋದವು, ಕಾಲು ಉಳಿಯಿತು. ಬಾಲ್ಯದ ಜ್ವರದಿಂದ ಕೆಟ್ಟ ಕವಾಟವೇ ಹೆಪ್ಪಿನ ಮೂಲವಂತೆ. ಈಗ ದಿನಾ ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಪರೀಕ್ಷೆ ನಮ್ಮ ತಾಲೂಕಿನಲ್ಲಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗ್ತಾರೆ.